ಬ್ರಹ್ಮಕಲಶದ ಉಪಸಮಿತಿಗೆ ಬಲ್ಲವರೇ ಬೇಕೆ?

ಪರ

ಕೇರಳದ ಕಾಸರಗೋಡಿನ ಕುಂಬಳೆ ಸೀಮೆಯ ದೇವಸ್ಥಾನದಲ್ಲಿ ಬ್ರಹ್ಮಕಲಶ (ದೇವರಿಗೆ ಕಲಶಾಭಿಷೇಕದ ದೊಡ್ಡ ಉತ್ಸವ) ನಿಶ್ಚಯವಾದರೆ ಮೊದಲ ಸಭೆಯಲ್ಲೇ ಉಪಸಮಿತಿಗಳು ಹುಟ್ಟುತ್ತವೆ: ಆರ್ಥಿಕ, ಚಪ್ಪರ, ಹೊರೆಕಾಣಿಕೆ (ಭಕ್ತರು ತಂದೊಪ್ಪಿಸುವ ಅಕ್ಕಿ, ತರಕಾರಿ), ಉಗ್ರಾಣ, ಪಾಕಶಾಲೆ, ನೀರು, ವಾಹನ. ಸಂಚಾಲಕರನ್ನು ಆರಿಸುವುದು ಮಾತ್ರ ದೇಣಿಗೆ ನೋಡಿ, ಮನೆತನ ನೋಡಿ. ಎಡವಟ್ಟು ಅಲ್ಲಿಂದಲೇ ಶುರು.

ಒಂದು ಕಿಲೋ ಅಕ್ಕಿ ಏಳೆಂಟು ಜನರ ಊಟಕ್ಕೆಂದು ತಿಳಿದ ಉಗ್ರಾಣಿ ಸಾವಿರ ಜನಕ್ಕೆ 130 ಕಿಲೋ ಅಳೆಯುತ್ತಾನೆ, ಅದನ್ನೂ ಪಂಕ್ತಿ ನೋಡಿಕೊಂಡು ಮೂರು ಕಂತಿನಲ್ಲಿ ಕೊಡುತ್ತಾನೆ. ತಿಳಿಯದವನು ಬೆಳಿಗ್ಗೆಯೇ ಎಲ್ಲ ಕೊಡುತ್ತಾನೆ; ಸಂಜೆ ಅನ್ನ ಹೊಂಡಕ್ಕೆ. ಹೊರೆಕಾಣಿಕೆ ರಾಶಿ ಬಿದ್ದಾಗ ಹರಿವೆ, ಅಲಸಂಡೆ, ಬೆಂಡೆ ಮೊದಲು ಮುಗಿಸಬೇಕು, ಸೌತೆ, ಕುಂಬಳಕಾಯಿ ಕೊನೆಯ ದಿನಕ್ಕೂ ನಿಲ್ಲುತ್ತವೆ. ಇದು ಕೃಷಿಕನಿಗೆ ಯಾರೂ ಹೇಳಿಕೊಡಬೇಕಿಲ್ಲ.

ಇನ್ನು ಪಂಚಾಯತು, ಪೊಲೀಸ್ ಠಾಣೆಯ ಓಡಾಟ. ಕನ್ನಡದಲ್ಲಿ ಅರ್ಜಿ ಕೊಡುವ ಹಕ್ಕು ನಮಗಿದೆ, ನಿಜ. ಆದರೆ ಮೈಕಿನ ಪರವಾನಿಗೆ ನಾಳೆಯೇ ಬೇಕೆಂದಾಗ ಮಲಯಾಳ ಬರೆಯಬಲ್ಲವನೇ ಆಗಬೇಕು. ರಾತ್ರಿ 10ರ ಬಳಿಕ ಧ್ವನಿವರ್ಧಕಕ್ಕೆ ತಡೆಯಿದೆ ಎಂದು ಯಕ್ಷಗಾನ ಮೇಳಕ್ಕೆ ವೀಳ್ಯ ಕೊಡುವ ಮೊದಲೇ ಎಚ್ಚರಿಸುವವನೂ ಅವನೇ.

ಆರು ತಿಂಗಳ ಮೊದಲು ಮನೆಮನೆಗೆ ಒಂದು ಹಾಳೆ ಹಂಚಿ: ಯಾವ ಕೆಲಸ ಬರುತ್ತದೆ, ಯಾವ ದಿನ ಬಿಡುವು, ವಾಹನ ಇದೆಯೇ. ಸಂಚಾಲಕರ ಹೆಸರು ಅದನ್ನು ಓದಿದ ಮೇಲೆ.

ವಿರೋಧ

ಹಾಳೆ ಹಂಚಿದರೂ ಜನ ಬರೆಯುವುದು ಈವರೆಗೆ ಮಾಡಲು ಬಿಟ್ಟ ಕೆಲಸವನ್ನೇ. ಕುಟುಂಬಶ್ರೀ ಎಂಬ ಮಹಿಳಾ ಸ್ವಸಹಾಯ ಘಟಕದ ಲೆಕ್ಕ ವಾರವಾರ ಬರೆಯುವ ಹೆಂಗಸು ಇಲ್ಲಿ ತರಕಾರಿ ಹೆಚ್ಚಲು ಕೂರುತ್ತಾಳೆ. ಆರ್ಥಿಕ ಸಮಿತಿಯಲ್ಲಿ ಅವಳನ್ನು ಕೇಳಿದವರಿಲ್ಲ. ದಿನವಿಡೀ ವಯರಿಂಗ್ ಮಾಡುವವನಿಗೆ ದೇವರ ಸೇವೆಯೆಂದರೆ ಮತ್ತೂ ವಯರಿಂಗೇ? ಅವನಿಗೆ ಬಡಿಸುವ ಆಸೆ ಇರಬಾರದೆ?

ಬ್ರಹ್ಮಕಲಶ ಬರುವುದು ಹೆಚ್ಚಾಗಿ 12 ವರ್ಷಕ್ಕೊಮ್ಮೆ. ನಲುವತ್ತೈದಕ್ಕೆ ಉಗ್ರಾಣ ಹಿಡಿದವನಿಗೆ ಮೂರನೆಯದರ ಹೊತ್ತಿಗೆ ಅರುವತ್ತೊಂಬತ್ತು. ಅಳತೆಯೆಲ್ಲ ಅವನ ತಲೆಯಲ್ಲಿದೆ, ಪುಸ್ತಕದಲ್ಲಿಲ್ಲ. ಅವನು ಮಲಗಿದರೆ ಉಗ್ರಾಣವೂ ಮಲಗುತ್ತದೆ.

ವಿದ್ಯುತ್, ಗ್ಯಾಸ್, ವೈದಿಕ ಕಾರ್ಯ ಬಲ್ಲವರಿಗೇ ಇರಲಿ, ಅಲ್ಲಿ ಪ್ರಯೋಗ ಬೇಡ. ಉಳಿದೆಡೆ ಸಂಚಾಲಕ ಹೊಸಬ, ಹಳಬ ಸಲಹೆಗಾರ; ಉಗ್ರಾಣದಿಂದ ಹೊರಟ ಪ್ರತಿ ಚೀಲಕ್ಕೂ ಪುಸ್ತಕದಲ್ಲಿ ಇಬ್ಬರ ಸಹಿ.

ಪಾತ್ರೆ ತೊಳೆಯುವುದನ್ನು ಮಾತ್ರ ಯಾರ ಸಾಮರ್ಥ್ಯಕ್ಕೂ ಬಿಡಬಾರದು. ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ಕಿಗೆ ಕೇರಳದಲ್ಲಿ 2020ರಿಂದ ನಿಷೇಧವಿದೆ. ಬಾಳೆಲೆ ಹಾಕಿದರೂ ಲೋಟಗಳು ಸ್ಟೀಲಿನವೇ, ಸಾವಿರಗಟ್ಟಲೆ. ಎರಡು ಗಂಟೆಗೊಂದು ತಂಡ, ಒಂದು ತೊಟ್ಟಿಯಲ್ಲಿ ಸೋಪು, ಎರಡರಲ್ಲಿ ಶುದ್ಧ ನೀರು. ಮೊದಲ ದಿನದ ಮೊದಲ ತಂಡದಲ್ಲಿ ಸಮಿತಿಯ ಅಧ್ಯಕ್ಷರ ಹೆಸರಿರಲಿ.