ಗಿರಾಕಿ ಹೋಗಿದ್ದು ರೇಟಿಗಲ್ಲ

ನಿಮ್ಮ ಸಾಫ್ಟ್‌ವೇರ್ ಫರ್ಮಿನ ಪಾಲುದಾರ ಹೊರಗೆ ಹೋಗಿ ಕಡಿಮೆ ರೇಟಿಗೆ ಸಾಫ್ಟ್‌ವೇರ್ ಕೊಟ್ಟ, ಗಿರಾಕಿಗಳೆಲ್ಲ ಅವನ ಹಿಂದೆ ಹೋದರು, ಇದು ನಂಬಿಕೆ ದ್ರೋಹ ಅಂತ ಹೇಳಿದ್ದೀರಿ ಸಾರ್. ರೇಟಿನ ಮಾತು ನಾನಂತೂ ಒಪ್ಪಲ್ಲ. ಗಂಗಾವತಿಯ ಅಕ್ಕಿ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು ನಾನು. 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ 25 ಕೆಜಿವರೆಗಿನ ಅಕ್ಕಿಗೆ ಶೇ. 5 ಜಿಎಸ್‌ಟಿ ಬಂತಲ್ವಾ, ಆ ತೆರಿಗೆ ತಪ್ಪಲಿ ಅಂತ ಮಿಲ್ಲಿನವರು 26 ಕೆಜಿ ಚೀಲ ತುಂಬತೊಡಗಿದರು. ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ಮಾತ್ರ ಎರಡಕ್ಕೂ ತೆರಿಗೆ ಹಾಕುತ್ತಿತ್ತು! ಲೋಡಾದ ಲಾರಿ ಗೇಟಿನಲ್ಲಿ ನಿಂತಿದೆ, ಡ್ರೈವರ್ ಬೈಯುತ್ತಿದ್ದಾನೆ, ಸಪೋರ್ಟಿನವರು ಫೋನೇ ಎತ್ತಲ್ಲ. ಆಮೇಲೆ ಬೇರೆಯವರ ಸಾಫ್ಟ್‌ವೇರ್ ತಗೊಂಡೆವು. ಅದರ ರೇಟು ಜಾಸ್ತಿನೇ.

ಇನ್ನು 'ನಂಬಿಕೆ ದ್ರೋಹ' ಅನ್ನೋದು. ನಿಮ್ಮದು ಪಾಲುದಾರಿಕೆ ಫರ್ಮ್ ಅಂತ ನೀವೇ ಹೇಳಿದ್ದೀರಿ. 1932ರ ಪಾಲುದಾರಿಕೆ ಕಾಯ್ದೆಯ 36ನೇ ಕಲಂ ಪ್ರಕಾರ ಬಿಟ್ಟುಹೋದವನು ಅದೇ ವ್ಯವಹಾರ ಮಾಡಬಹುದು. ಆದರೆ ಕರಾರಿನಲ್ಲಿ ಬೇರೆ ರೀತಿ ಬರೆದಿರದಿದ್ದರೆ, ಫರ್ಮಿನ ಹೆಸರು ಬಳಸುವಂತಿಲ್ಲ, ಹಳೇ ಗಿರಾಕಿಗಳನ್ನು ತನ್ನ ಕಡೆ ಕರೆಯುವಂತಿಲ್ಲ. ನಮ್ಮ ಕಡೆ ಅಣ್ಣ ತಮ್ಮ ಸೇರಿ ಮಿಲ್ ಹಾಕಿದರೂ ಬಾಂಡ್ ಪೇಪರ್ ಮೇಲೆ ಬರೆಸಿಕೊಳ್ಳುತ್ತಾರೆ. ನಿಮ್ಮ ಕರಾರಿನಲ್ಲಿ ಏನಿತ್ತು? ಸಾಫ್ಟ್‌ವೇರ್ ಕೋಡ್ ಯಾರ ಪಾಲಿಗೆ ಹೋಯಿತು? ಇಷ್ಟುದ್ದ ಮಾತಾಡಿ ಅದೊಂದನ್ನೇ ಬಿಟ್ಟಿದ್ದೀರಲ್ಲ.