ಸ್ವಲ್ಪ ಆ ಮ್ಯೂಸಿಕ್ ಬಂದ್ ಮಾಡಿ ಮಾರಾಯ್ರೆ

ಮಂಡೆ ಬಿಸಿಯಾಗಿದೆ, ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಇವತ್ತು ಮಂಗಳೂರಿನ ಒಂದು ಕಾಲೇಜಿನಲ್ಲಿ ಬಾಹ್ಯಾಕಾಶ ದಿನಾಚರಣೆ. ಹೆಸರು ಬೇಡ, ನನ್ನ ಹಳೆ ವಿದ್ಯಾರ್ಥಿಗಳು ಅಲ್ಲಿ ಕೆಲಸಕ್ಕಿದ್ದಾರೆ. "ಬನ್ನಿ ಸರ್, ಗಗನಯಾತ್ರಿಗಳ ದನಿ ಕೇಳಿಸ್ತೇವೆ" ಅಂದರು. ನನ್ನ ರೇಡಿಯೋ ಹುಚ್ಚು ಊರಿಗೇ ಗೊತ್ತು. ಇಸ್ತ್ರಿ ಅಂಗಿ ಹಾಕಿಕೊಂಡು ಹೋದೆ. ಕೇಳಿಸಿದ್ದು ಎಂತ? ಮೊದಲು ಸಿನಿಮಾ ಟ್ರೈಲರಿನ ಧಡಾಂ ಧಡಾಂ. ಆಮೇಲೆ ಬೀಪ್ ಬೀಪ್. ಅದರಡಿಯಲ್ಲಿ ಎಲ್ಲೋ ಒಬ್ಬ ಮನುಷ್ಯ ಪಾಪ ಮಾತಾಡುತ್ತಿದ್ದ. ಅವನ ಮಾತಿನ ಮೇಲೆಯೇ ನಿರೂಪಕಿ, "ಮೈ ಜುಮ್ ಅಂತದೆ ಅಲ್ವಾ ಫ್ರೆಂಡ್ಸ್?" ಜುಮ್ ಅನ್ನಲಿಕ್ಕೆ ಬಿಟ್ಟರಲ್ಲವಾ!

ಆ ಬೀಪ್ ಇದೆಯಲ್ಲ, ಅದು ಚಂದ್ರನಲ್ಲಿಗೆ ಹೋದ ಅಪೊಲೊ ಕಾಲದ್ದು. ಅಮೆರಿಕದ ಹ್ಯೂಸ್ಟನ್‌ ನಿಯಂತ್ರಣ ಕೇಂದ್ರದಲ್ಲಿ ಮಾತಾಡುವವರು ಗುಂಡಿ ಒತ್ತಿದಾಗ ಒಂದು, ಬಿಟ್ಟಾಗ ಇನ್ನೊಂದು; ದೂರದ ಭೂಕೇಂದ್ರದ ಟ್ರಾನ್ಸ್‌ಮಿಟರ್ ಚಾಲೂ ಮಾಡಲಿಕ್ಕೆ, ಬಂದ್ ಮಾಡಲಿಕ್ಕೆ. ಕ್ವಿಂಡಾರ್ ಟೋನ್ ಅಂತಾರೆ. 2525 ಹರ್ಟ್ಸ್ ಒಂದು, 2475 ಇನ್ನೊಂದು. ಅದಕ್ಕೊಂದು ಕೆಲಸ ಇತ್ತು. ಇವರು ಈಗಿನ ಬಾಹ್ಯಾಕಾಶ ನಿಲ್ದಾಣದ ಮಾತಿಗೆ ಅದನ್ನು ಒಗ್ಗರಣೆ ಹಾಕಿದ್ದು ಯಾಕೆ?

ಗಗನಯಾತ್ರಿಗಳ ಮಾತಿನಲ್ಲಿ ವಿಶೇಷ ಅಂತ ಏನೂ ಇರುವುದಿಲ್ಲ. ಅದೇ ಅದರ ಚಂದ! ನಾಸಾದ ನೇರ ಪ್ರಸಾರದಲ್ಲಿ ಅವರ ಬೆಳಗ್ಗಿನ ಸಭೆ ಎಷ್ಟೋ ಸಲ ಕೇಳಿದ್ದೇನೆ. ನಿಲ್ದಾಣದ ಗಡಿಯಾರ ಗ್ರೀನಿಚ್ ಸಮಯದ್ದು, ಹಾಗಾಗಿ ಅವರ ಬೆಳಗ್ಗೆ ಅಂದರೆ ನಮ್ಮ ಊಟದ ಹೊತ್ತು. ಹ್ಯೂಸ್ಟನ್, ಹಂಟ್ಸ್‌ವಿಲ್, ಮ್ಯೂನಿಕ್, ತ್ಸುಕುಬಾ, ಮಾಸ್ಕೋ, ಹೀಗೆ ಭೂಮಿಯ ಮೇಲಿನ ನಿಯಂತ್ರಣ ಕೇಂದ್ರಗಳನ್ನು ಒಂದೊಂದಾಗಿ ಕರೆದು ಗುಡ್ ಮಾರ್ನಿಂಗ್ ಹೇಳಿ ಇವತ್ತಿನ ಕೆಲಸ ಎಂತದ್ದು ಅಂತ ಮಾತಾಡುತ್ತಾರೆ. ಯಾವ ಚೀಲ ಎಲ್ಲಿಟ್ಟಿದೆ, ಯಾವ ಹಂತ ಮುಗಿಯಿತು. ಅಷ್ಟೇ.

2013ರ ಜುಲೈ 16 ನೆನಪಿಸಿಕೊಳ್ಳಿ. ಇಟಲಿಯ ಲೂಕಾ ಪರ್ಮಿಟಾನೊ ನಿಲ್ದಾಣದ ಹೊರಗೆ ಕೆಲಸ ಮಾಡುತ್ತಿದ್ದಾಗ ಹೆಲ್ಮೆಟ್ ಒಳಗೆ ನೀರು ಸೋರತೊಡಗಿತು. ಬಾಹ್ಯಾಕಾಶದಲ್ಲಿ ಮುಳುಗಿ ಸಾಯುವ ಸ್ಥಿತಿ! ತಲೆಯ ಹಿಂದೆ ನೀರು ತಾಗುತ್ತಿದೆ ಅಂತ ಅವನು ಹೇಳಿದ ದನಿ ಕೇಳಿ: ಬಚ್ಚಲಿನ ನಲ್ಲಿ ಸೋರುತ್ತಿದೆ ಅನ್ನುವಷ್ಟು ತಣ್ಣಗೆ. ಕುಡಿಯುವ ನೀರಿನ ಚೀಲವೇ ಸೋರಿರಬೇಕು ಅಂತ ಮೊದಲು ಎಲ್ಲರ ಸಂಶಯ. ಆಮೇಲೆ ನೀರು ಕಣ್ಣಿಗೆ, ಮೂಗಿಗೆ ಬಂತು; ದಾರಿ ಕಾಣದೆ ತಡವಿಕೊಂಡು ಏರ್‌ಲಾಕಿಗೆ, ಅಂದರೆ ನಿಲ್ದಾಣದ ಬಾಗಿಲ ಕೋಣೆಗೆ, ಬಂದ. ಆ ಮಾತಿಗೆ ಯಾವ ಪಿಟೀಲು ಬೇಕು ಹೇಳಿ?

"ಸರ್, ಮಕ್ಕಳಿಗೆ ಬೋರ್ ಆಗ್ತದೆ" ಅಂದ ಒಬ್ಬ ಹಳೆ ವಿದ್ಯಾರ್ಥಿ. ಇರಬಹುದು, ಸುಳ್ಳಲ್ಲ. ಆದರೆ ಭಾಗವತರು ಪದ ಎತ್ತುವಾಗ ರಂಗಸ್ಥಳದ ಪಕ್ಕ ಡಿಜೆ ಹಾಕಿದರೆ ಮಕ್ಕಳು ಖಂಡಿತ ಕುಣಿಯುತ್ತಾರೆ. ಯಕ್ಷಗಾನ ನೋಡಿದರು ಅಂತ ಲೆಕ್ಕ ಹಿಡಿಯುತ್ತೀರಾ? ಮಕ್ಕಳಿಗೆ ಬೋರ್ ಆಗುವ ಮೊದಲೇ ದೊಡ್ಡವರಿಗೆ ಹೆದರಿಕೆ. ಎರಡು ನಿಮಿಷ ಸಭೆ ಸುಮ್ಮನಿದ್ದರೆ ಸಂಘಟಕರಿಗೆ ಬೆವರು.

ನಾನು ನಮ್ಮ ಮನೆ ತಾರಸಿಯಲ್ಲಿ ರೇಡಿಯೋ ಹಿಡಿದು ನಿಲ್ದಾಣದ ದನಿಗೆ ಕಾಯುತ್ತೇನೆ, ಹೆಚ್ಚಿನ ದಿನ ಬರೀ ಸುಯ್ ಅನ್ನುವ ಸದ್ದು. ಮಳೆಗಾಲಕ್ಕೆ ಹಾಕಿದ ಶೀಟಿನಡಿ ಸಿಗ್ನಲ್ ಸಿಗದು, ಅಂಚಿಗೆ ಬಂದು ಆಂಟೆನಾ ಸಮುದ್ರದ ಕಡೆ ಹಿಡಿಯಬೇಕು. ಪಡುವಣ ಕಡೆಯಿಂದ ನಿಲ್ದಾಣ ಏರಿ ಬರುವಾಗ ಅಡ್ಡ ಏನೂ ಇಲ್ಲ, ಬರೀ ಅರಬ್ಬೀ ಸಮುದ್ರ. ಈ ವಿಷಯದಲ್ಲಿ ನಾವು ಕರಾವಳಿಯವರು ಪುಣ್ಯವಂತರು. ಬರುವಾಗ ಆವರ್ತನ ತುಸು ಮೇಲೆ, ಹೋಗುವಾಗ ತುಸು ಕೆಳಗೆ. ಹೆಚ್ಚೆಂದರೆ ಹತ್ತು ನಿಮಿಷ, ಮುಗಿಯಿತು. ಬೆಂಗಳೂರಿನ ಮಕ್ಕಳು ನೇರವಾಗಿ ನಿಲ್ದಾಣದ ಜೊತೆ ಮಾತಾಡುತ್ತಿದ್ದರೆ ಇಲ್ಲಿ ಕೂತವರಿಗೆ ಬರುವುದು ಮೇಲಿನ ಉತ್ತರ ಮಾತ್ರ, ಪ್ರಶ್ನೆ ನಾವೇ ಊಹಿಸಿಕೊಳ್ಳಬೇಕು. 2025ರಲ್ಲಿ ನಮ್ಮ ಗಗನಯಾತ್ರಿ ಶುಭಾಂಶು ಶುಕ್ಲಾ ನಿಲ್ದಾಣಕ್ಕೆ ಹೋದಾಗ ಎಲ್ಲರೂ ಟಿವಿ ಮುಂದೆ ಕೂತರು. ಜುಲೈ 4ರಂದು ಅವರು ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿದ್ದ ವಿದ್ಯಾರ್ಥಿಗಳ ಜೊತೆ ಹ್ಯಾಮ್ ರೇಡಿಯೋದಲ್ಲೇ (ಹವ್ಯಾಸಿಗಳ ರೇಡಿಯೋ) ಮಾತಾಡಿದ್ದು ಎಷ್ಟು ಜನರಿಗೆ ನೆನಪುಂಟು?

ಹೇಳಬಾರದು ಅಂದುಕೊಂಡಿದ್ದೆ, ಹೇಳಿಬಿಡುತ್ತೇನೆ. ಅಪ್ಪ ಗಲ್ಫಿನಲ್ಲಿದ್ದಾಗ ಊರಿಗೆ ಬರುವವರ ಕೈಯಲ್ಲಿ ಕ್ಯಾಸೆಟ್ ಕಳಿಸುತ್ತಿದ್ದರು. "ಮಳೆ ಬಂತಾ, ದನ ಕರು ಹಾಕಿತಾ, ಬಾವಿ ಕೆಲಸ ಎಲ್ಲಿಗೆ ಬಂತು." ನಡುವೆ ಫ್ಯಾನಿನ ಸದ್ದು, ಕೆಮ್ಮು. ಅಮ್ಮ ಅದನ್ನೇ ಮತ್ತೆ ಮತ್ತೆ ಹಾಕಿ ಕೇಳುತ್ತಿದ್ದಳು. ನಾವು ಮಾತಾಡಿದರೆ ಬೆನ್ನಿಗೆ ಏಟು. ಆ ಕ್ಯಾಸೆಟ್ಟಿಗೆ ಯಾರಾದರೂ ಮ್ಯೂಸಿಕ್ ಹಾಕಿ ಕೊಟ್ಟಿದ್ದರೆ ಅಮ್ಮ ಒಲೆಗೆ ಹಾಕುತ್ತಿದ್ದಳು, ಖಂಡಿತ.

ಪ್ರಶ್ನೆ ಇನ್‌ಬಾಕ್ಸಿಗೆ ಬರುವ ಮೊದಲೇ ಹೇಳುತ್ತೇನೆ: ನಿಲ್ದಾಣದ ದನಿ ಸಿಗುವುದು 145.800 ಮೆಗಾಹರ್ಟ್ಸ್, ಎಫ್‌ಎಂನಲ್ಲಿ. ಕಾರಿನ ಎಫ್‌ಎಂನಲ್ಲಿ ಸಿಗದು, ದಯವಿಟ್ಟು ಕೇಳಬೇಡಿ. ತಿರುಗಿ ಮಾತಾಡಬೇಕಾದರೆ ಪರೀಕ್ಷೆ ಬರೆದು ಹ್ಯಾಮ್ ಲೈಸೆನ್ಸ್ ಪಡೆಯಬೇಕು. ಮಳೆ ಕಡಿಮೆಯಾದ ಮೇಲೆ ಬರುವವರು ನಮ್ಮ ತಾರಸಿಗೆ ಬನ್ನಿ, ನಿರೂಪಕಿಗೂ ಆಹ್ವಾನ ಉಂಟು. ಬ್ಲೂಟೂತ್ ಸ್ಪೀಕರ್ ಹಿಡಿದು ಬಂದವರಿಗೆ ಮಾತ್ರ ಗೇಟಿನ ಹತ್ತಿರವೇ ಚಾ ಕೊಟ್ಟು ಕಳಿಸುತ್ತೇನೆ.