ಗಾಳಿ ಎಷ್ಟು ಹಾಕ್ಲಿ ಸಾರ್?

ನಮ್ಮ ತೋಟದ ದಾರಿಯಲ್ಲಿ, ಗೇಟಿನಿಂದ ಇನ್ನೂರು ಅಡಿ ಒಳಗೆ ಒಂದು ಕಲ್ಲಿದೆ. ಅಜ್ಜನ ಕಾಲದಿಂದಲೂ ಇದೆ. ಎತ್ತಿನಗಾಡಿಗೆ ಅದು ತೊಂದರೆ ಕೊಟ್ಟಿರಲಿಲ್ಲ, ಜೀಪಿಗೂ ಕೊಟ್ಟಿರಲಿಲ್ಲ. ನಮ್ಮ ಓಮ್ನಿಗೆ ಮಾತ್ರ ದಿನಾ ಹೊಟ್ಟೆಗೆ ತಿವಿಯುತ್ತಿತ್ತು. "ಆ ಕಲ್ಲು ಕೀಳಿಸೋ" ಅಂತ ಅಮ್ಮ ಹೇಳಿದರು. ಕೀಳಲು ಹೋದ ಆಳುಗಳು ಅರ್ಧ ದಿನ ಅಗೆದು, ಇದು ಕಲ್ಲಲ್ಲ, ಬಂಡೆಯ ತಲೆ, ಮಿಕ್ಕ ಮೈ ಪಕ್ಕದ ತೋಟದವರೆಗೂ ಹೋಗಿರಬಹುದು ಅಂತ ಹೇಳಿ ಹಾರೆ ಕೆಳಗಿಟ್ಟರು. ಹಾಗಾಗಿ ಕಲ್ಲು ಇಳಿಸೋದು ಬಿಟ್ಟು ಗಾಡಿ ಏರಿಸೋಣ ಅಂತ ನಾನು ತೀರ್ಮಾನ ಮಾಡಿದೆ.

ಓಮ್ನಿ ಬಗ್ಗೆ ಎರಡು ಮಾತು. 1984ರಲ್ಲಿ ಮಾರುತಿ ವ್ಯಾನ್ ಅಂತ ಬಂದ ಗಾಡಿ ಅದು, 2019ರಲ್ಲಿ ತಯಾರಿಕೆ ನಿಂತಿತು. ಸಿನಿಮಾದವರು ಹೀರೋಯಿನ್‌ನ ಎತ್ತಿಕೊಂಡು ಹೋಗೋಕೆ ಇಟ್ಟುಕೊಂಡಿದ್ದ ಗಾಡಿಯಲ್ಲಿ ನಾವು ಗೊಬ್ಬರ, ಕಾಫಿ ಮೂಟೆ, ಕರು, ಒಮ್ಮೆ ಮದುವೆಯ ಅಡುಗೆ ಭಟ್ಟರು ಮತ್ತು ಅವರ ಅಷ್ಟೂ ಕೊಪ್ಪರಿಗೆ ಸಾಗಿಸಿದ್ದೇವೆ. 796 ಸಿಸಿ ಇಂಜಿನ್ ಮುಂದಿನ ಸೀಟಿನ ಕೆಳಗೇ ಇದೆ. ಡಿಸೆಂಬರಿನಲ್ಲಿ ಅದು ಸೌಕರ್ಯ, ಏಪ್ರಿಲಿನಲ್ಲಿ ಶಿಕ್ಷೆ. ಚಕ್ರ 12 ಇಂಚಿನದು. ಟೈರಿನ ಮೈಮೇಲೆ 145 ಆರ್ 12 ಎಲ್‌ಟಿ ಅಂತ ಬರೆದಿರುತ್ತದೆ. ಇಷ್ಟು ವರ್ಷ ಅದನ್ನು ನಾನು ಓದಿರಲೇ ಇಲ್ಲ. ಯಾರು ಓದ್ತಾರೆ, ಅಲ್ವಾ?

ದೊಡ್ಡ ಚಕ್ರ ಹಾಕಿಸೋಕೆ ಹೊರಟ ಮೇಲೆ ಓದಲೇಬೇಕಾಯಿತು. ಆಗ ಅನ್ನಿಸಿತು, ಈ ಲೆಕ್ಕ ಬರೆದವನು ನಮ್ಮ ಮಲೆನಾಡಿನವನೇ ಇರಬೇಕು. 155/80 ಆರ್ 13 ಅಂತ ಇದ್ದರೆ 155 ಅನ್ನೋದು ಟೈರಿನ ಅಗಲ, ಮಿಲಿಮೀಟರಿನಲ್ಲಿ. 80 ಮಿಲಿಮೀಟರೂ ಅಲ್ಲ ಇಂಚೂ ಅಲ್ಲ; ಟೈರಿನ ಗೋಡೆಯ ಎತ್ತರ ಅಗಲದ ನೂರಕ್ಕೆ ಎಂಬತ್ತು ಪಾಲು ಅಂತ. ಆರ್ ಅಂದರೆ ರೇಡಿಯಲ್, ಟೈರಿನ ಒಳಗೆ ನೂಲು ಹಾಸಿರೋ ರೀತಿ. ಅದು ರೇಡಿಯಸ್ ಅಂತ ನಾನು ಮೂರು ಜನರ ಹತ್ತಿರ ವಾದ ಮಾಡಿ ಗೆದ್ದಿದ್ದೆ. ಕೊನೆಯ 13 ರಿಮ್ಮಿನ ಅಡ್ಡಳತೆ, ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮೂರು ಥರದ ಅಳತೆ. ನಾವೂ ಹಾಗೇ ತಾನೇ? ಜಮೀನು ಎಕರೆ ಗುಂಟೆಯಲ್ಲಿ, ಕಾಫಿ 50 ಕೆಜಿ ಮೂಟೆಯಲ್ಲಿ, ಮಳೆ ಇಂಚು ಸೆಂಟಿನಲ್ಲಿ (ನೂರು ಸೆಂಟಿಗೆ ಒಂದು ಇಂಚು). ಟಿವಿಯವರು ಮಿಲಿಮೀಟರಿನಲ್ಲಿ ಏನಾದರೂ ಹೇಳಿಕೊಳ್ಳಲಿ, ಇಲ್ಲಿ ಬೆಳಿಗ್ಗೆ ಫೋನ್ ಎತ್ತಿದರೆ "ನಿಮ್ಮಲ್ಲಿ ಎಷ್ಟು ಸೆಂಟು?" ಅಂತಲೇ ಮೊದಲ ಮಾತು.

ಚಿಕ್ಕಮಗಳೂರಿನಲ್ಲಿ ಒಂದು ಕಡೆ ಸೆಕೆಂಡ್ ಹ್ಯಾಂಡ್ ಅಲಾಯ್ ಚಕ್ರ ಸಿಕ್ಕಿತು. 13 ಇಂಚು, ನಾಲ್ಕು ತೂತು. ನಮ್ಮ ಗಾಡಿಗೂ ನಾಲ್ಕೇ ಬೋಲ್ಟು. ಇನ್ನೇನು ಬೇಕು ಅಂತ ದುಡ್ಡು ಕೊಟ್ಟು ತಂದೆ. ಮನೆಗೆ ತಂದು ಇಟ್ಟರೆ ಒಂದು ತೂತಿಗೆ ಬೋಲ್ಟು ಹೋಗುತ್ತದೆ, ಇನ್ನು ಮೂರು ಬೇರೆ ದಿಕ್ಕು ನೋಡುತ್ತವೆ. ತೂತುಗಳು ಕೂತಿರುವ ವೃತ್ತದ ಅಳತೆಗೆ ಪಿಸಿಡಿ ಅಂತ ಹೆಸರು, ಕೆಲವು ಚಕ್ರದಲ್ಲಿ ಅದು 100 ಮಿಲಿಮೀಟರ್, ಕೆಲವದರಲ್ಲಿ 114.3 ಅಂತ ಆಮೇಲೆ ಗೊತ್ತಾಯಿತು. ಪಾಯಿಂಟ್ ಮೂರು! ಆ ಪಾಯಿಂಟ್ ಮೂರನ್ನು ನೋಡಿದಾಗಲೇ ನಾನು ಹಿಂದೆ ಸರಿಯಬೇಕಿತ್ತು. ಸರಿಯಲಿಲ್ಲ. ಮತ್ತೆ ಹೋಗಿ, ಜಗಳ ಆಡಿ, ಮೇಲೆ ಇನ್ನಷ್ಟು ದುಡ್ಡು ಕೊಟ್ಟು ಸರಿಯಾದ್ದು ತಂದೆ.

ಅದಕ್ಕೆ ಟೈರು ಯಾವುದು ಅಂತ ಅಂಗಡಿಯವನೇ ಹೇಳಿದ. "155/80 ಹಾಕಿ ಸಾರ್, ಗಾಡಿ ಒಳ್ಳೇ ಜೀಪ್ ಥರ ನಿಲ್ಲುತ್ತೆ." ಅವನು ತಂದಿಟ್ಟ ಟೈರಿನ ಮೇಲೆ ಕೊನೆಯಲ್ಲಿ ನಾಲ್ಕು ಅಂಕಿ ಇತ್ತು, 0916 ಅಂತ. ಅದು 2016ರ ಒಂಬತ್ತನೇ ವಾರದಲ್ಲಿ ತಯಾರಾಗಿದ್ದು ಅಂತ ಅರ್ಥ. ಅದೊಂದು ನನಗೆ ಗೊತ್ತಿತ್ತು. ಬೇರೆ ತರಿಸಿದೆ. ಇಡೀ ಪ್ರಕರಣದಲ್ಲಿ ನಾನು ಬುದ್ಧಿವಂತನಾಗಿ ಕಂಡಿದ್ದು ಆ ಐದು ನಿಮಿಷ ಮಾತ್ರ.

ಗಾಡಿ ಚೆನ್ನಾಗಿಯೇ ನಿಂತಿತು, ಸುಳ್ಳು ಹೇಳಬಾರದು. ಆದರೆ ಹನುಮಂತಪ್ಪ ಸರ್ಕಲ್ಲಿನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿದ ತಕ್ಷಣ ನನ್ನ ಸೀಟಿನ ಕೆಳಗಿಂದ ಸರ್ರ್ ಅಂತ ಸದ್ದು ಬಂತು, ಸೀರೆ ಹರಿದ ಹಾಗೆ. ಓಮ್ನಿಯಲ್ಲಿ ಮುಂದಿನ ಚಕ್ರ ಇರೋದೇ ನಮ್ಮ ಕುಂಡೆ ಕೆಳಗೆ. ಟೈರು ಒಳಗಿನ ತಗಡಿಗೆ ಉಜ್ಜುತ್ತಿತ್ತು. ಎಡಕ್ಕೆ ತಿರುಗಿಸಿದರೆ ಒಂದು ರಾಗ, ಬಲಕ್ಕೆ ಇನ್ನೊಂದು.

ಮನೆಗೆ ಬಂದು ಲೆಕ್ಕ ಹಾಕಿದೆ. ಹಳೇ ಟೈರು ನೆಲದಿಂದ ನೆತ್ತಿಗೆ ಸುಮಾರು 54 ಸೆಂಟಿಮೀಟರ್. ಹೊಸದು, 13 ಇಂಚಿನ ರಿಮ್ಮು ಮತ್ತು ಮೇಲೆ ಕೆಳಗೆ 124 ಮಿಲಿಮೀಟರಿನ ಗೋಡೆ ಸೇರಿ, ಹತ್ತಿರ ಹತ್ತಿರ 58. ಹೆಚ್ಚಾಗಿದ್ದು ನಾಲ್ಕು, ಅದರಲ್ಲೂ ಗಾಡಿ ಏರೋದು ಅರ್ಧ ಮಾತ್ರ. ಅಂದರೆ ಇಷ್ಟೆಲ್ಲ ಮಾಡಿ ನಾನು ಸಂಪಾದಿಸಿದ್ದು ಎರಡು ಸೆಂಟಿಮೀಟರ್. ಒಂದು ಹೆಬ್ಬೆರಳಿನ ಅಗಲ. ಮೂಟೆ ಹೇರಿದ ದಿನ ಕಲ್ಲು ಮತ್ತೆ ತಾಗಿತು.

ಇದರ ಮೇಲೆ ಮೀಟರು ಕೈಕೊಟ್ಟಿತು. ಹೊಸ ಟೈರು ಒಂದು ಸುತ್ತಿಗೆ ಏಳು ಪರ್ಸೆಂಟ್ ಜಾಸ್ತಿ ದೂರ ಹೋಗುತ್ತದೆ, ಆದರೆ ಮೀಟರಿಗೆ ಅದು ಹೇಗೆ ಗೊತ್ತಾಗಬೇಕು? ಅದು ಗೇರ್‌ಬಾಕ್ಸಿನ ಸುತ್ತು ಎಣಿಸಿಕೊಂಡು ತನ್ನ ಹಳೇ ಲೆಕ್ಕವನ್ನೇ ತೋರಿಸುತ್ತದೆ. 60 ಅಂತ ತೋರಿಸಿದಾಗ ನಾನು 64ರಲ್ಲಿ ಹೋಗುತ್ತಿದ್ದೆ. ಮೂಡಿಗೆರೆಯಿಂದ ಚಿಕ್ಕಮಗಳೂರು ಮೂವತ್ತು ಕಿಲೋಮೀಟರ್ ಆಸುಪಾಸು, ಅದು ಎರಡು ಕಿಲೋಮೀಟರ್ ಹತ್ತಿರ ಬಂದುಬಿಟ್ಟಿತು. ಮೈಲೇಜು ಬಿದ್ದುಹೋಯಿತು ಅಂತ ಎರಡು ವಾರ ಕೊರಗಿದೆ, ಅದರಲ್ಲಿ ಒಂದು ಪಾಲು ಈ ಎಣಿಕೆಯ ತಪ್ಪು. ಇನ್ನೊಂದು ಪಾಲು ಮಾತ್ರ ನಿಜ. ಚಕ್ರ ದೊಡ್ಡದಾದರೆ ಇಂಜಿನ್ನಿಗೆ ಅದನ್ನು ತಿರುಗಿಸೋದು ಕಷ್ಟ, ಮೊದಲು ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಏರಿಗೆ ಈಗ ಎರಡನೇದು ಬೇಕಾಯಿತು. ಅದೂ ಗೊಣಗಿಕೊಂಡು.

ಅಷ್ಟರಲ್ಲಿ ಧರ್ಮಸ್ಥಳಕ್ಕೆ ಹೊರಟೆವು. ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ತಿಂದು ಹೊರಗೆ ಬಂದರೆ ಹಿಂದಿನ ಚಕ್ರ ಕೂತಿದೆ. ಸ್ಟೆಪ್ನಿ ತೆಗೆದೆ. ಸ್ಟೆಪ್ನಿ ಅನ್ನೋದು ವೇಲ್ಸ್ ದೇಶದ ಒಂದು ಬೀದಿಯ ಹೆಸರು, 1904ರಲ್ಲಿ ಆ ಬೀದಿಯ ಇಬ್ಬರು ಅಣ್ಣತಮ್ಮಂದಿರು ಮೊದಲ ಬಾರಿಗೆ ಇಂಥ ಬದಲಿ ಚಕ್ರ ಮಾಡಿ ಮಾರಿದರು. ಅವರಿಗಿದ್ದ ಮುಂದಾಲೋಚನೆ ನನಗಿರಲಿಲ್ಲ. ಸ್ಟೆಪ್ನಿ ಹಳೇ 12 ಇಂಚಿನದೇ ಇತ್ತು. ಹಾಕಿದರೆ ಓಮ್ನಿ ಒಂದು ಕಡೆ ವಾಲಿ ನಿಂತಿತು, ಫೋಟೋಗೆ ತಲೆ ವಾರೆ ಮಾಡಿದ ಹುಡುಗಿಯ ಹಾಗೆ. "ಇದರಲ್ಲಿ ಚಾರ್ಮಾಡಿ ಇಳೀತೀಯಾ?" ಅಂತ ಅಪ್ಪ ಕೇಳಿದರು. ಓಮ್ನಿಗೆ ಎಳೆಯೋ ಚಕ್ರವೇ ಹಿಂದಿನದು. ಎರಡು ಕಡೆ ಬೇರೆ ಬೇರೆ ಗಾತ್ರ ಆದರೆ ಸಣ್ಣದು ಜಾಸ್ತಿ ಸುತ್ತಬೇಕು, ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ಸುತ್ತೋಕೆ ಬಿಡೋ, ತಿರುವಿನಲ್ಲಿ ಮಾತ್ರ ದುಡಿಯಬೇಕಾದ ಡಿಫರೆನ್ಷಿಯಲ್ಲು ನೇರ ರಸ್ತೆಯಲ್ಲೂ ಒಂದೇ ಸಮ ದುಡಿಯಬೇಕು. ಸ್ಟೆಪ್ನಿಯನ್ನು ಮುಂದಕ್ಕೆ, ಮುಂದಿನದನ್ನು ಹಿಂದಕ್ಕೆ ಹಾಕಿ, ಧರ್ಮಸ್ಥಳಕ್ಕೆ ಹೋಗದೆ, ಪಂಚರ್ ಅಂಗಡಿ ಹುಡುಕಿಕೊಂಡು ಮೂಡಿಗೆರೆಗೆ ವಾಪಸ್ ಬಂದೆವು. ಅಮ್ಮ ಕೊಟ್ಟಿಗೆಹಾರದಲ್ಲೇ ನಿಂತು ಕೈಮುಗಿದರು.

ಆಮೇಲೆ 155/80 ಮಾರಿ 165/65 ಆರ್ 13 ಹಾಕಿಸಿದೆ, ಐದು ಚಕ್ರಕ್ಕೂ. ಇದರ ಎತ್ತರ 54.5 ಸೆಂಟಿಮೀಟರ್, ಹಳೇದರಷ್ಟೇ. ಉಜ್ಜೋದು ನಿಂತಿತು, ಮೀಟರು ಸರಿಹೋಯಿತು, ಮೂರನೇ ಗೇರು ಮರಳಿ ಬಂತು. ಗಾಡಿ ಮಾತ್ರ ಮೊದಲಿನಷ್ಟೇ ಎತ್ತರಕ್ಕೆ ಬಂದು ನಿಂತಿತು. ರಿಮ್ಮು ದೊಡ್ಡದಾದಷ್ಟೂ ಟೈರಿನ ಗೋಡೆ ಗಿಡ್ಡ, ಒಟ್ಟು ಅಷ್ಟಕ್ಕಷ್ಟೇ. ಹೆಂಡತಿ ಲೆಕ್ಕವೆಲ್ಲ ಕೇಳಿಸಿಕೊಂಡು, "ಅಂದ್ರೆ ಇಷ್ಟು ದುಡ್ಡು ಕೊಟ್ಟು ನೀವು ಏನೂ ಮಾಡಿಲ್ಲ" ಅಂದಳು. ನಾನು ಸುಮ್ನೆ ಇದ್ದೆ.

ಈಗ ಬಂತು ಗಾಳಿಯ ಪ್ರಶ್ನೆ. ಎಷ್ಟು ಗಾಳಿ ಅಂತ ಗಾಡಿಯ ಮೇಲೇ ಕಂಪನಿಯ ಸ್ಟಿಕ್ಕರ್ ಇರುತ್ತದೆ. ನಮ್ಮದರಲ್ಲಿ ಆ ಜಾಗಕ್ಕೆ ಸರಿಯಾಗಿ ಅಪ್ಪ ಮಂಜುನಾಥಸ್ವಾಮಿ ಸ್ಟಿಕ್ಕರ್ ಅಂಟಿಸಿದ್ದರು. ಕೀಳೋ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ, ಅದರಲ್ಲೂ ಅರ್ಧ ದಾರಿಯಿಂದ ವಾಪಸ್ ಬಂದ ಮೇಲೆ. ಅಲ್ಲದೆ ಅಲ್ಲಿ ಬರೆದಿರೋದು ಹಳೇ ಎಲ್‌ಟಿ ಟೈರಿಗೆ, ಅಂದರೆ ಭಾರ ಹೊರೋ ಲೈಟ್ ಟ್ರಕ್ ಟೈರಿಗೆ. ನಾನು ಹಾಕಿದ್ದು ಕಾರಿನ ಟೈರು. ಅದರ ಮೇಲೆ 77 ಟಿ ಅಂತ ಇದೆ, ಒಂದೊಂದು ಟೈರು 412 ಕೆಜಿ ಹೊರಬಹುದು ಅಂತ ಲೆಕ್ಕ, ಅದೂ ಗಾಳಿ ಸರಿಯಾಗಿದ್ದರೆ ಮಾತ್ರ. ಹಾಗಾಗಿ ಹತ್ತು ಮೂಟೆ ಹೇರುತ್ತಿದ್ದವರು ಆರಕ್ಕೆ ಇಳಿದಿದ್ದೇವೆ. ಬದಲಾಯಿಸೋ ಮುಂಚೆ ನನಗೆ ಯಾರೂ ಇದನ್ನು ಹೇಳಲಿಲ್ಲ, ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ ಬಿಡಿ.

ಕೇಳಿದವರೆಲ್ಲ ಒಂದೊಂದು ನಂಬರ್ ಕೊಟ್ಟರು. ಅಪ್ಪನದು 30 ಪಾಯಿಂಟ್ (ಗಾಳಿಯ ಒತ್ತಡದ ಅಳತೆ, ಪಿಎಸ್‌ಐ), ನಾಲ್ಕಕ್ಕೂ 30, ಜೀವನಪೂರ್ತಿ 30. ಪಂಚರ್ ಅಂಗಡಿಯವರು 35. ಪಕ್ಕದ ತೋಟದ ಜೀಪ್ ಡ್ರೈವರ್, "ಮಳೆಗಾಲದಲ್ಲಿ 20ಕ್ಕೆ ಇಳಿಸಿ, ಕೆಸರಲ್ಲಿ ಹಿಡಿಯುತ್ತೆ" ಅಂದ. ಕೆಸರಿಗೆ ಅದು ಸರಿ, ಆಮೇಲೆ ಅದೇ ಗಾಳಿಯಲ್ಲಿ ಟಾರು ರಸ್ತೆಗೆ ಹೋದರೆ ಟೈರು ಬಿಸಿಯಾಗಿ ಕೆಡುತ್ತದೆ. ಬೆಂಗಳೂರಿನ ಭಾವ ನೈಟ್ರೋಜನ್ನೇ ಬೇಕು ಅಂದರು. ಮಾಮೂಲಿ ಗಾಳಿಯಲ್ಲೇ 78 ಪರ್ಸೆಂಟ್ ನೈಟ್ರೋಜನ್ ಪುಕ್ಕಟೆ ಸಿಗುವಾಗ ಮಿಕ್ಕ 22ಕ್ಕೆ ದುಡ್ಡು ಕೊಡೋಕೆ ನನಗೆ ಮನಸ್ಸಾಗಲಿಲ್ಲ. ಇನ್ನೊಬ್ಬರು, "ಟೈರಲ್ಲೇ ಬರೆದಿದೆಯಲ್ರೀ, 44" ಅಂದರು. ಹಾಕಿಸಿದೆ. ಅದು ಟೈರು ತಡೆದುಕೊಳ್ಳೋ ಗರಿಷ್ಠ ಮಿತಿ, ನಾವು ಹಾಕಬೇಕಾದ್ದಲ್ಲ ಅಂತ ಗೊತ್ತಾಗೋ ಹೊತ್ತಿಗೆ ಆಲ್ದೂರು ಸಂತೆಯಿಂದ ತಂದ ಮೂರು ಡಜನ್ ಮೊಟ್ಟೆಯಲ್ಲಿ ಹನ್ನೊಂದು ಉಳಿದಿತ್ತು.

ಒಂದು ದಿನ ನಾನೇ ಗೇಜ್ ತಂದೆ. ಚಿಕ್ಕಮಗಳೂರಿಂದ ಬಂದವನೇ ಬಿಸಿಲಲ್ಲಿ ನಿಂತು ನೋಡಿದರೆ 36. ಜಾಸ್ತಿ ಆಯಿತು ಅಂತ ನಾಲ್ಕು ಪಾಯಿಂಟ್ ಬಿಟ್ಟೆ. ಬೆಳಿಗ್ಗೆ ಮಂಜಿನಲ್ಲಿ ನೋಡಿದರೆ 27. ಹತ್ತು ಡಿಗ್ರಿ ವ್ಯತ್ಯಾಸಕ್ಕೆ ಒಂದೂವರೆ ಎರಡು ಪಾಯಿಂಟ್ ಹೋಗುತ್ತದೆ, ಓಡಿದ ಟೈರಿನ ಬಿಸಿ ಬೇರೆ. ಗಾಳಿ ನೋಡಬೇಕಾದ್ದು ಗಾಡಿ ಹೊರಡೋ ಮುಂಚೆ, ಟೈರು ತಣ್ಣಗಿದ್ದಾಗ. ನನ್ನ ಗೇಜಿಗೂ ಬಂಕಿನ ಗೇಜಿಗೂ ಮೂರು ಪಾಯಿಂಟ್ ವ್ಯತ್ಯಾಸ ಇತ್ತು ಅನ್ನೋದು ಇನ್ನೊಂದು ಕಥೆ. ಅದರಲ್ಲಿ ನನಗೆ ಆಶ್ಚರ್ಯ ಆಗಲಿಲ್ಲ. ಒಂದೇ ಬೇಲಿಯ ಎರಡು ಕಡೆ ಒಂದೇ ಮಳೆ ಬಿದ್ದರೂ ನಮ್ಮಲ್ಲಿ ಎಂಬತ್ತು ಸೆಂಟು, ಅವರಲ್ಲಿ ಯಾವಾಗಲೂ ಒಂದು ಇಂಚು.

ಕೊನೆಗೆ ಸೀಮೆಸುಣ್ಣದ ಪರೀಕ್ಷೆ ಮಾಡಿದೆ. ಟೈರಿನ ಹಲ್ಲಿನ ಮೇಲೆ ಅಡ್ಡಕ್ಕೆ ದಪ್ಪ ಗೆರೆ ಎಳೆದು ನೇರ ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಬೇಕು. ನಡುವೆ ಮಾತ್ರ ಅಳಿಸಿದ್ದರೆ ಗಾಳಿ ಜಾಸ್ತಿ, ಅಂಚು ಮಾತ್ರ ಅಳಿಸಿದ್ದರೆ ಕಡಿಮೆ, ಸಮವಾಗಿ ಅಳಿಸಿದ್ದರೆ ಸರಿ. ನಾನು ನಾಲ್ಕೂ ಚಕ್ರಕ್ಕೆ ಗೆರೆ ಎಳೆಯುತ್ತಾ ಕೂತಿದ್ದಾಗ ಅಮ್ಮ ಬಂದು, "ಆಯುಧಪೂಜೆಗೆ ಇನ್ನೂ ಎರಡು ತಿಂಗಳು ಇದೆಯಲ್ಲೋ" ಅಂದರು. ಆದರೂ ಇರಲಿ ಅಂತ ಕುಂಕುಮ ಇಟ್ಟು ಹೋದರು. ನೇರ ರಸ್ತೆ ಹುಡುಕೋದೇ ಇಲ್ಲಿ ದೊಡ್ಡ ಕೆಲಸ. ಮೂರು ದಿನ ಓಡಿಸಿ ನೋಡಿದೆ. ನಮ್ಮ ಗಾಡಿಗೆ ಸರಿಕಂಡಿದ್ದು ಖಾಲಿ ಇದ್ದಾಗ ಮುಂದೆ 28, ಹಿಂದೆ 30. ಮೂಟೆ ಇದ್ದ ದಿನ ಹಿಂದೆ 36.

ಕಲ್ಲಿನ ವಿಷಯ ಬಿಟ್ಟೇ ಹೋಯಿತು. ಮೂಡಿಗೆರೆಯಲ್ಲಿ ಬ್ರೇಕ್ ನೋಡೋಕೆ ಗಾಡಿ ಎತ್ತಿದ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಹಿಂದಿನ ಸ್ಪ್ರಿಂಗ್ ಪ್ಲೇಟುಗಳ ಮೇಲೆ ಕೈಯಾಡಿಸಿ ನಕ್ಕರು. ಕಮಾನಿನ ಹಾಗೆ ಬಾಗಿರಬೇಕಾದ ಪ್ಲೇಟುಗಳು ಮೂಟೆ ಹೊತ್ತು ಹೊತ್ತು ಅಡಿಕೋಲಿನ ಹಾಗೆ ನೆಟ್ಟಗಾಗಿದ್ದವು. "ಗಾಡಿ ಕುಳ್ಳಗಿಲ್ಲ ಸಾರ್, ಸೊಂಟ ಬಿದ್ದಿದೆ" ಅಂದರು. ಪ್ಲೇಟು ಬದಲಾಯಿಸಿದ ದಿನ ಸಂಜೆ ಆರು ಮೂಟೆ ಹಾಕಿಕೊಂಡು ಕಲ್ಲು ದಾಟಿದೆ. ಸದ್ದೇ ಇಲ್ಲ. ಕಲ್ಲು ಇದೆಯೋ ಇಲ್ಲವೋ ಅಂತ ಇಳಿದು ನೋಡಿ ಬಂದೆ.

ಮೊನ್ನೆ ಮತ್ತೆ ಧರ್ಮಸ್ಥಳಕ್ಕೆ ಹೊರಟಾಗ ಗಾಳಿ ನೋಡಿಸೋಕೆ ಬಂಕಿನಲ್ಲಿ ನಿಲ್ಲಿಸಿದೆ. ಹುಡುಗ ಪೈಪ್ ಹಿಡಿದುಕೊಂಡು ಕಿಟಕಿಗೆ ಬಗ್ಗಿ, "ಎಷ್ಟು ಹಾಕ್ಲಿ ಸಾರ್?" ಅಂದ. ನಾನು ಬಾಯಿ ತೆರೆಯೋ ಮುಂಚೆ ಹಿಂದಿನ ಸೀಟಿನಿಂದ ಅಪ್ಪ "30" ಅಂದರು, ಭಾವ "ನೈಟ್ರೋಜನ್ ಇದೆಯಾ?" ಅಂದರು, ಹೆಂಡತಿ "28, 30" ಅಂದಳು, ಅಮ್ಮ "ಜಾಸ್ತಿನೇ ಹಾಕಪ್ಪ, ದೂರ ಹೋಗಬೇಕು" ಅಂದರು. ಹುಡುಗ ಯಾರ ಮುಖವನ್ನೂ ನೋಡದೆ ನಾಲ್ಕಕ್ಕೂ 32 ಹಾಕಿ ಕಳಿಸಿದ.